ಲಾಂಡ್ರಿ ಬೇಸ್‌ಮೆಂಟ್ ಎಂಬಾಕೆಯ ರಜೆ

ಪ್ರೆಸ್ಸಕ್ಕನಿಗೆ ಬಿಸಿ ತಿಳಿಯುವುದು ನಿಂತುಹೋಗಿತ್ತು. ಮೊದಲು ಸುಟ್ಟ ವಾಸನೆ ಬರುತ್ತಿತ್ತು. ಆಮೇಲೆ ಆಕೆ ಬಗ್ಗಿ ನೋಡಿ, "ಅಯ್ಯೋ, ನನ್ನ ಬೆರಳೇ ಕಣ್ರೇ" ಅನ್ನುತ್ತಿದ್ದಳು. ಪಕ್ಕದ ಮನೆಯವರ ಬೆರಳೇನೋ ಎಂಬ ಹಾಗೆ. ವರ್ಷಾನುಗಟ್ಟಲೆ ಇಸ್ತ್ರಿ ಪ್ರೆಸ್ಸಿನ ಹಿಡಿ ಎಳೆದು ಎಳೆದು ಬಲಗೈ ಮಣಿಕಟ್ಟಿನೊಳಗೆ ನರ ಸಿಕ್ಕಿಹಾಕಿಕೊಂಡಿತ್ತು. ಮೊದಲು ಜುಮ್ ಎಂದಿತು, ಆಮೇಲೆ ಮರಗಟ್ಟಿತು. ಈಗ ಲೋಟ ಹಿಡಿದರೆ ಲೋಟ ಬೀಳುತ್ತಿತ್ತು.

ನಾವಿರುವುದು ಒಂದು ದೊಡ್ಡ ಹೋಟೆಲಿನ ನೆಲಮಾಳಿಗೆಯಲ್ಲಿ. ಮೇಲೆಲ್ಲ ರೂಮುಗಳು. ಅಲ್ಲಿ ಮಲಗೆದ್ದವರ ಹಾಸಿಗೆ ಬಟ್ಟೆ, ಮೈ ಒರೆಸಿ ಬಿಸಾಕಿದ ಟವೆಲ್ಲು, ಎಲ್ಲವೂ ಗೋಡೆಯೊಳಗಿನ ಒಂದು ತಗಡಿನ ಕೊಳವೆಯಲ್ಲಿ ಜಾರಿ ನಮ್ಮ ಪಕ್ಕ ದೊಪ್ಪೆಂದು ಬೀಳುತ್ತವೆ. ಕಿಟಕಿ ಇಲ್ಲ. ಚಾವಣಿಗೆ ಹತ್ತಿದ ಆವಿ ಹನಿಯಾಗಿ ನಮ್ಮ ಕುತ್ತಿಗೆಯೊಳಕ್ಕೇ ಇಳಿಯುತ್ತದೆ. ಹೊರಗೆ ಬಿಸಿಲೋ ಮಳೆಯೋ ತಿಳಿಯಬೇಕಾದರೆ ಬಿದ್ದ ಟವೆಲ್ಲು ನೋಡಬೇಕು. ಕೆಸರು ಒರೆಸಿದ್ದರೆ ಮಳೆ.

ನಾವು ಆರು ಜನ. ಪ್ರೆಸ್ಸಕ್ಕ ಎಲ್ಲರಿಗಿಂತ ಹಿರಿಯಳು. ತೊಳೆಯುವ ಯಂತ್ರದ ಮುಂದೆ ನಿಲ್ಲುವವಳು ಗುಡುಗು. ಯಂತ್ರದ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವಳ ಗಂಟಲೇ ಹಾಗಾಗಿಬಿಟ್ಟಿದೆ, ಗುಟ್ಟು ಹೇಳಿದರೂ ಮೂರನೇ ಮಹಡಿಗೆ ಕೇಳುತ್ತದೆ. ಒಣಗಿಸುವ ಯಂತ್ರದಲ್ಲಿ ಒಬ್ಬ ಅತ್ತೆ, ಒಬ್ಬ ಸೊಸೆ. ಒಂದೇ ಮನೆಯವರು, ಮಾತು ಬಿಟ್ಟವರು. ಆಮೇಲೆ ಬಾಣಂತಿ. ಮಗು ಹುಟ್ಟಿ ಹಲ್ಲು ಬಂದರೂ ನಮಗೆ ಅವಳು ಇನ್ನೂ ಬಾಣಂತಿಯೇ. ಕಡೆಯವಳು ನಾನು, ಮಡಿಸುವವಳು. ಮಡಿಸುವ ಕೆಲಸಕ್ಕೆ ಕೈ ಸಾಕು, ಬಾಯಿ ಕಿವಿ ಎರಡೂ ಖಾಲಿ. ಅದಕ್ಕೇ ಈ ಕಥೆ ಹೇಳುವ ಕೆಲಸವೂ ನನ್ನ ಪಾಲಿಗೆ ಬಂತು.

ನಮ್ಮ ಮೇಲೊಬ್ಬ ಸೂಪರ್‌ವೈಸರ್. ಮೇಲಿನವರು ಏನು ಹೇಳಿದರೂ "ಸರಿ ಸರಿ" ಎಂದು ತಲೆಯಾಡಿಸುವವರು. ಎದುರಿಗೆ ಸಾರ್ ಅಂತೀವಿ, ಹಿಂದೆ ಸರಿಸರಿ ಸಾರ್. ಕೆಟ್ಟ ಮನುಷ್ಯ ಅಲ್ಲ. ಕೆಟ್ಟವರಾಗೋಕೂ ಸ್ವಲ್ಪ ಧೈರ್ಯ ಬೇಕಲ್ಲ.

ಒಂದು ದಿನ ಅವರು ಪ್ಲಾಸ್ಟಿಕ್ ಕವರು ಹಾಕಿದ ಒಂದು ಫೋನು ತಂದು ಕಂಬದ ಮೊಳೆಗೆ ನೇತುಹಾಕಿದರು.

"ಇನ್ಮೇಲೆ ಎಲ್ಲಾ ಇದ್ರಲ್ಲೇ. ಯಾವ ಮಹಡಿಗೆ ಎಷ್ಟು ಟವೆಲ್ಲು, ಯಾರಿಗೆ ರಜೆ, ಎಲ್ಲಾ ಇದ್ರಲ್ಲೇ ಚಾಟ್ ಮಾಡ್ಬೇಕು. ಕಂಪನಿ ಹೊಸ ಸಾಫ್ಟ್‌ವೇರ್ ಹಾಕಿದೆ."

"ಒಂದೇ ಫೋನಾ ಸಾರ್? ನಾವು ಆರು ಜನ ಇದೀವಿ," ಅಂದಳು ಬಾಣಂತಿ.

"ಫೋನೂ ಒಂದೇ, ಅಕೌಂಟೂ ಒಂದೇ. ಒಂದೊಂದು ಅಕೌಂಟಿಗೂ ಕಂಪನಿ ತಿಂಗಳು ತಿಂಗಳು ದುಡ್ಡು ಕಟ್ಬೇಕಮ್ಮ. ನಿಮ್ಮೆಲ್ಲರಿಗೂ ಸೇರಿಸಿ ಒಂದು ಈಮೇಲು ಮಾಡ್ಸಿದೀನಿ. ಹೊಂದ್ಕೊಂಡು ಹೋಗಿ."

"ಮೇಲೆ ಎಲ್ಲರಿಗೂ ಒಂದೊಂದು ಇದ್ಯಂತಲ್ಲ?"

"ಅವ್ರು ಮೇಲಿನವ್ರು."

"ಹೋಟೆಲಿನ ಮುಂಬಾಗಿಲ ಹತ್ರ ಮೀನಿನ ತೊಟ್ಟಿ ಇದೆಯಲ್ಲ ಸಾರ್, ಅದಕ್ಕೂ ಒಂದು ಅಕೌಂಟು ಇದ್ಯಂತೆ. 'ಊಟ ಹಾಕಿ' ಅಂತ ಮೆಸೇಜು ಕಳಿಸ್ತದಂತೆ," ಅಂದಳು ಗುಡುಗು.

ಸರಿಸರಿ ಸಾರ್ ಸ್ವಲ್ಪ ಹೊತ್ತು ಚಾವಣಿ ನೋಡಿದರು. "ಮೀನು ಸತ್ರೆ ಗಿರಾಕಿಗಳಿಗೆ ಕಾಣ್ಸುತ್ತಮ್ಮ," ಅಂದರು.

ಆ ಸಾಫ್ಟ್‌ವೇರಿಗೆ ಒಂದು ಹೆಸರು, ಒಂದು ಮನೆತನದ ಹೆಸರು, ಒಂದು ಹುಟ್ಟಿದ ದಿನ ಬೇಕಿತ್ತಂತೆ. ಅವರು ಹೆಸರಿನ ಜಾಗದಲ್ಲಿ 'ಲಾಂಡ್ರಿ' ಅಂತಲೂ ಮನೆತನದ ಜಾಗದಲ್ಲಿ 'ಬೇಸ್‌ಮೆಂಟ್' ಅಂತಲೂ ಒತ್ತಿದರು. ಹುಟ್ಟಿದ ದಿನಕ್ಕೆ ಅವತ್ತಿನ ದಿನವನ್ನೇ ಒತ್ತಿದರು. ಹೀಗೆ ನಮ್ಮ ಕಣ್ಣೆದುರಿಗೇ, ಹೆರಿಗೆ ನೋವಿಲ್ಲದೆ, ಲಾಂಡ್ರಿ ಬೇಸ್‌ಮೆಂಟ್ ಎಂಬ ಹೆಂಗಸೊಬ್ಬಳು ಹುಟ್ಟಿದಳು.

ಮೇಲಿನ ಆಫೀಸಿನಲ್ಲಿ ಸಿಬ್ಬಂದಿಯ ಬೇಕು ಬೇಡ ನೋಡಿಕೊಳ್ಳುವ ಒಬ್ಬ ಮೇಡಂ ಹೊಸದಾಗಿ ಬಂದಿದ್ದರು. ನೆಲಮಾಳಿಗೆಗೆ ಇಳಿದು ನೋಡಿದವರಲ್ಲ. ಅವರು ದಿನಾ ಬೆಳಿಗ್ಗೆ ಒಂದು ಹೂವಿನ ಚಿತ್ರದ ಜೊತೆ, "ಶುಭೋದಯ ಲಾಂಡ್ರಿ! ಹೇಗಿದ್ದೀಯ?" ಎಂದು ಕಳಿಸುತ್ತಿದ್ದರು. ಯಾರ ಕೈ ಖಾಲಿ ಇತ್ತೋ ಅವರು ಹೆಬ್ಬೆರಳಿನ ಚಿತ್ರ ಒತ್ತುತ್ತಿದ್ದೆವು.

ನಮಗೂ ಅವಳು ಅಭ್ಯಾಸವಾದಳು. ಲಾಂಡ್ರಮ್ಮ ಅಂತ ಕರೆಯುತ್ತಿದ್ದೆವು.

"ಪುಣ್ಯವಂತೆ ಕಣೇ ಲಾಂಡ್ರಮ್ಮ," ಅನ್ನುತ್ತಿದ್ದಳು ಗುಡುಗು. "ಗಂಡ ಇಲ್ಲ, ಮಕ್ಕಳಿಲ್ಲ, ಸೊಂಟ ನೋವಿಲ್ಲ. ಬೆಳಿಗ್ಗೆ ಪಾಳಿಯಲ್ಲೂ ಅವ್ಳೇ, ಸಂಜೆ ಪಾಳಿಯಲ್ಲೂ ಅವ್ಳೇ. ಹೆಸರಿನ ಪಕ್ಕ ಹಸಿರು ಚುಕ್ಕಿ ಆರೋದೇ ಇಲ್ಲ."

"ಒಂದಕ್ಕೂ ಹೋಗಲ್ವಾ?" ಅಂದಳು ಪ್ರೆಸ್ಸಕ್ಕ.

"ಹೋದ್ರೆ ಹಸಿರು ಆರತ್ತಲ್ಲಕ್ಕ. ತಡ್ಕೊಂಡಿದಾಳೆ ಪಾಪ."

ಫಜೀತಿ ಮಾಡಿದ್ದು ಅತ್ತೆ ಸೊಸೆ. ಮನೆಯಲ್ಲಿ ಮಾತಿಲ್ಲ, ಇಲ್ಲಿ ಯಂತ್ರದ ಗದ್ದಲ. ಸೊಸೆ ಫೋನು ಹಿಡಿದು, "ನಿನ್ನೆ ಸಾರಿಗೆ ಉಪ್ಪು ಹಾಕಿದ್ದು ನಾನಲ್ಲ" ಎಂದು ಬರೆದು ಮೊಳೆಗೆ ಸಿಕ್ಕಿಸಿ ಹೋಗುವಳು. ಅತ್ತೆ ಬಂದು ಓದಿ, "ಹಾಗಾದರೆ ಉಪ್ಪು ತಾನಾಗೇ ನಡೆದು ಬಂತಾ" ಎಂದು ಒತ್ತುವಳು. ಬರೆಯುತ್ತಿದ್ದುದು ಇಡೀ ಹೋಟೆಲಿನ ಗ್ರೂಪಿನಲ್ಲಿ ಎಂಬುದು ಇಬ್ಬರಿಗೂ ಗೊತ್ತಿಲ್ಲ. ಮೇಲಿನವರಿಗೆ ಕಂಡದ್ದು ಏನು? ಲಾಂಡ್ರಿ ಬೇಸ್‌ಮೆಂಟ್ ಎಂಬ ಹೆಂಗಸು ತನಗೆ ತಾನೇ ಬೈದುಕೊಳ್ಳುತ್ತಿದ್ದಾಳೆ, ತಾನೇ ತಿರುಗಿ ಉತ್ತರ ಕೊಡುತ್ತಿದ್ದಾಳೆ!

ಮೇಡಂ ಗಾಬರಿಯಾಗಿ ಬರೆದರು: "ಲಾಂಡ್ರಿ, ಮನಸ್ಸಿಗೆ ಏನಾದರೂ ಕಷ್ಟವಿದೆಯೇ? ಮುಚ್ಚಿಡಬೇಡ. ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆದುಕೋ."

ನಾವು ಆವಿ, ಸೋಪಿನ ಘಾಟು, ಎಲ್ಲ ಸೇರಿಸಿ ದೀರ್ಘವಾಗಿ ಎಳೆದುಕೊಂಡೆವು. ಬಾಣಂತಿಗೆ ಕೆಮ್ಮು ಹತ್ತಿತು.

ಇಷ್ಟೇ ಆಗಿದ್ದರೆ ನಗುತ್ತಾ ಇದ್ದುಬಿಡುತ್ತಿದ್ದೆವು. ಆದರೆ ರಜೆಯೂ ಅದರಲ್ಲೇ ಎಂದಿದ್ದರಲ್ಲ. ಅದು ಹೇಗೆಂದು ಗೊತ್ತಾದದ್ದು ಪ್ರೆಸ್ಸಕ್ಕನ ಕೈಗೆ ಆಪರೇಷನ್ ಎಂದಾಗ.

ಸರ್ಕಾರಿ ಆಸ್ಪತ್ರೆಯ ಡಾಕ್ಟರು ಹೇಳಿದ್ದರು: ನರ ಬಿಡಿಸಬೇಕು, ಆಮೇಲೆ ಒಂದು ತಿಂಗಳು ಭಾರ ಎತ್ತಬಾರದು. ಬರುವ ಬುಧವಾರ ಜಾಗ ಇದೆ. ಬಿಟ್ಟರೆ ಮುಂದಿನ ವರ್ಷ, ಅಷ್ಟರಲ್ಲಿ ಕೈ ಸೊರಗಿ ಕಡ್ಡಿಯಾಗುತ್ತದೆ.

ಬಾಣಂತಿ ಅಕ್ಕನ ಪರವಾಗಿ ಫೋನಿನಲ್ಲಿ ರಜೆ ಕೇಳಿದಳು. ತಟಕ್ಕನೆ ಯಂತ್ರದ ಉತ್ತರ ಬಂತು.

"ಲಾಂಡ್ರಿ, ನಿನ್ನ ಈ ವರ್ಷದ ರಜೆಗಳೆಲ್ಲ ಮುಗಿದಿವೆ. ಒಳ್ಳೆಯ ದಿನವಾಗಲಿ!" ಜೊತೆಗೆ ಒಂದು ನಗುವ ಮುಖ.

"ಅಕ್ಕ ಈ ವರ್ಷ ರಜೆ ತಗೊಂಡೇ ಇಲ್ವಲ್ಲ?" ಅಂದೆ ನಾನು.

"ಅಕ್ಕ ತಗೊಂಡಿಲ್ಲ, ಲಾಂಡ್ರಮ್ಮ ತಗೊಂಡಿದಾಳೆ," ಅಂದಳು ಗುಡುಗು. ಅವಳ ದನಿ ಮೊದಲ ಸಲ ಸಣ್ಣಗಾಗಿತ್ತು. "ನಮ್ಮಮ್ಮ ಸತ್ತಾಗ ನಾನು ಹೋಗಿದ್ದು."

ಆಗ ಎಲ್ಲರಿಗೂ ಹೊಳೆಯಿತು. ಕೂಲಿ ಬರುವುದು ಆರು ಜನಕ್ಕೆ ಬೇರೆ ಬೇರೆ. ರಜೆ ಮಾತ್ರ ಒಬ್ಬಳದ್ದು. ಗುಡುಗಿನ ತಾಯಿ ಸತ್ತದ್ದು, ಬಾಣಂತಿ ಹೆತ್ತದ್ದು, ನನ್ನ ಮಗನಿಗೆ ಜ್ವರ ಬಂದದ್ದು, ಎಲ್ಲವೂ ಆ ಒಬ್ಬಳ ಲೆಕ್ಕಕ್ಕೇ ಹೋಗಿತ್ತು. ಬಾಣಂತಿ ಅಕ್ಕನ ಕಾಲ ಬಳಿ ಕೂತು ಅಳತೊಡಗಿದಳು. "ನಿನ್ನ ರಜೇನ ನಾನೇ ಹೆತ್ಕೊಂಡ್ಬಿಟ್ಟೆ ಅಕ್ಕ."

"ಥೂ, ಎದ್ದೇಳೇ," ಅಂದಳು ಪ್ರೆಸ್ಸಕ್ಕ. "ಮಗು ಚೆನ್ನಾಗಿದೆಯಲ್ಲ, ಸಾಕು. ಕೈ ಇನ್ನೊಂದಿದೆ ನಂಗೆ."

"ಒಂದು ಕೈಲಿ ಪ್ರೆಸ್ ಮಾಡ್ತೀಯಾ?"

"ಮಾಡಕ್ಕಾಗಲ್ಲ. ಇದನ್ನ ಬಿಟ್ಟು ಬೇರೇನೂ ಮಾಡಕ್ಕೆ ಬರಲ್ಲ ನಂಗೆ." ಬಲಗೈಯನ್ನು ಎಡಗೈಯಲ್ಲಿ ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. "ರಜೆ ಇಲ್ದೆ ಆಸ್ಪತ್ರೆಗೆ ಹೋದ್ರೆ ವಾಪಸ್ಸು ಬಂದಾಗ ಗೇಟಲ್ಲಿ ಒಳಗೆ ಬಿಡಲ್ಲ. ಹೋಗ್ದೇ ಇದ್ರೆ ಕೈ ಇರಲ್ಲ. ಯಾವುದು ಬಿಡ್ಲಿ ಹೇಳ್ರೇ."

ಕೊಳವೆಯಲ್ಲಿ ಒಂದು ಬಟ್ಟೆ ಗಂಟು ಬಂದು ಬಿತ್ತು.

ಸರಿಸರಿ ಸಾರ್ ಕೇಳಿ ತಲೆ ಕೆರೆದುಕೊಂಡರು. "ನಂಗೂ ಹೊಳೀಲಿಲ್ಲಮ್ಮ ಇದು. ಮೇಲೆ ಹೇಳಿದ್ರೆ, ಒಬ್ರ ಅಕೌಂಟಲ್ಲಿ ಆರು ಜನರನ್ನ ಯಾಕೆ ಕೂರಿಸ್ದೆ ಅಂತ ನನ್ನ ಹಿಡೀತಾರೆ. ಹೇಗೋ ನಿಮ್ಮ ನಿಮ್ಮಲ್ಲೇ ನೋಡ್ಕೊಳ್ಳಿ."

"ನಮ್ಮ ನಮ್ಮಲ್ಲಿ ಏನಿದೆ ನೋಡ್ಕೊಳ್ಳಕ್ಕೆ?" ಅಂದಳು ಗುಡುಗು. "ನಡೀರೇ ಮೇಲಕ್ಕೆ."

ಒದ್ದೆ ಏಪ್ರನ್ನಿನಲ್ಲೇ ಆರೂ ಜನ ಲಿಫ್ಟು ಹತ್ತಿದೆವು. ಮೇಲಿನ ನೆಲ ಎಷ್ಟು ನುಣುಪಾಗಿತ್ತೆಂದರೆ ನಮ್ಮ ಚಪ್ಪಲಿಗೆ ನಾಚಿಕೆಯಾಗಿ ಚಿರ್ ಚಿರ್ ಎಂದಿತು. ಮೀನುಗಳನ್ನೂ ನೋಡಿದೆವು. ಕೊಬ್ಬಿದ್ದವು.

ಮೇಡಂ ಒಳ್ಳೆಯವರು. ಎದ್ದು ನಿಂತರು. ಆರು ಮುಖಗಳನ್ನೂ ಒಂದೊಂದಾಗಿ ನೋಡಿದರು.

"ನಿಮ್ಮಲ್ಲಿ ಲಾಂಡ್ರಿ ಯಾರು?"

ನಾವು ಒಬ್ಬರನ್ನೊಬ್ಬರು ನೋಡಿಕೊಂಡೆವು. ಅತ್ತೆಯೇ ಬಾಯಿ ಬಿಟ್ಟಳು. "ಈ ವಾರ ಕೈ ನೋವಿರೋ ಲಾಂಡ್ರಿ ಇವ್ಳು ಮೇಡಂ. ಹೋದ ತಿಂಗಳು ಜ್ವರ ಬಂದಿದ್ದು ಆ ಕಡೆಯವ್ಳ ಮಗನಿಗೆ. ಸಾರಿಗೆ ಉಪ್ಪು ಜಾಸ್ತಿ ಮಾಡಿದ ಲಾಂಡ್ರಿ ಈ ಕಡೆ ನಿಂತಿದಾಳೆ."

"ನಾನಲ್ಲ ಅಂತ ಬರ್ದಿದೀನಲ್ಲ!" ಅಂದಳು ಸೊಸೆ, ಗೋಡೆಯ ಕಡೆ ನೋಡಿಕೊಂಡು.

ಮೇಡಂ ಮೆಲ್ಲಗೆ ಕೂತರು. "ಅಂದ್ರೆ... ಒಂದೇ ವರ್ಷದಲ್ಲಿ ಹೆರಿಗೆ ಆಗಿ, ತಾಯಿ ತೀರಿಕೊಂಡು, ಆದ್ರೂ ಬೆಳಿಗ್ಗೆಯಿಂದ ರಾತ್ರಿವರೆಗೂ ಆನ್‌ಲೈನ್ ಇರೋ ಆ ಹೆಂಗಸು... ನಾನು ಅವಳ ಹೆಸರನ್ನ ವರ್ಷದ ಅತ್ಯುತ್ತಮ ಕೆಲಸಗಾರ್ತಿ ಅಂತ ಕಳಿಸಿದೀನಿ!"

"ಒಳ್ಳೇದೇ ಮಾಡಿದ್ರಿ ಬಿಡಿ ಮೇಡಂ. ಅವ್ಳಷ್ಟು ದುಡಿಯೋರು ಯಾರೂ ಇಲ್ಲ," ಅಂದಳು ಗುಡುಗು.

ಮೇಡಂ ಮುಖ ಕೆಂಪಾಯಿತು. ಆರು ಅಕೌಂಟು ಕೊಡಿಸುವುದು ತನ್ನ ಕೈಯಲ್ಲಿಲ್ಲ, ಮೇಲಿನವರು ಒಪ್ಪಬೇಕು ಎಂದರು. ಒಬ್ಬರ ಅಕೌಂಟಿನಲ್ಲಿ ಇನ್ನೊಬ್ಬರು ಕೆಲಸ ಮಾಡುವುದೇ ತಪ್ಪು, ಗೊತ್ತಾ ಎಂದೂ ಗದರಿದರು. ಆಮೇಲೆ ಪ್ರೆಸ್ಸಕ್ಕನ ಬೆರಳ ತುದಿಯ ಸುಟ್ಟ ಕಲೆಗಳನ್ನು ನೋಡಿದರು. ಗದರುವುದು ಬಿಟ್ಟು ಕಂಪ್ಯೂಟರಿನಲ್ಲಿ ಹುಡುಕಿದರು.

"ಒಂದು ದಾರಿ ಇದೆ. ಮಾಮೂಲಿ ರಜೆ ಮುಗಿದಿದ್ರೂ ಆಪರೇಷನ್ನಿಗೆ ಅಂತ ಬೇರೆ ರಜೆ ಇದೆ. ಅದನ್ನ ಲಾಂಡ್ರಿಗೆ ಹಾಕ್ತೀನಿ. ಒಂದು ತಿಂಗಳು. ನೀವು ಹೋಗ್ಬನ್ನಿ ಅಕ್ಕ. ಉಳಿದವ್ರು ಕೆಲಸ ನೋಡ್ಕೊಳ್ಳಿ." ಕಟಕ್ ಎಂದು ಒತ್ತಿದರು.

ಪ್ರೆಸ್ಸಕ್ಕ ಎಡಗೈಯಿಂದ ಅವರ ಕೈ ಹಿಡಿದುಕೊಂಡಳು. ಮೇಡಂ ಕಣ್ಣೊರೆಸಿಕೊಂಡರು. ಅತ್ತರೆ ಅಳಲಿ ಎಂದು ನಾವು ಕೆಳಗೆ ಬಂದೆವು.

ಬುಧವಾರ ಬೆಳಿಗ್ಗೆ ಪ್ರೆಸ್ಸಕ್ಕ ಆಸ್ಪತ್ರೆಗೆ, ನಾವು ಐವರು ಕೆಲಸಕ್ಕೆ. ಬಾಣಂತಿ ಫೋನು ಎತ್ತಿಕೊಂಡವಳು ಹಾಗೇ ನಿಂತುಬಿಟ್ಟಳು.

"ಏನೇ ಅದು?"

ಅವಳು ಓದಿದಳು. "'ಲಾಂಡ್ರಿ, ನೀನು ಆಪರೇಷನ್ ರಜೆಯಲ್ಲಿದ್ದೀಯ. ಈ ಸಮಯದಲ್ಲಿ ನಿನ್ನಿಂದ ಕೆಲಸ ಮಾಡಿಸುವುದು ನಿಯಮಕ್ಕೆ ವಿರುದ್ಧ. ಯಾರಾದರೂ ಕೆಲಸ ಹೇಳಿದರೆ ನಿರಾಕರಿಸು. ಆರಾಮವಾಗಿರು.' ಅಷ್ಟೇ. ಬೇರೇನೂ ತೆಗಿಯಕ್ಕೆ ಬರ್ತಿಲ್ಲ. ಕೆಳಗೊಂದು ಬಟನ್ ಇದೆ. 'ನಾನು ಕೆಲಸಕ್ಕೆ ಮರಳಿದ್ದೇನೆ' ಅಂತ."

"ಒತ್ತಿದ್ರೆ?" ಅಂದೆ.

"ರಜೆ ಮುಗಿಯತ್ತೆ ಅಂತ ಬರ್ದಿದೆ."

ಅಂದರೆ ಅಲ್ಲಿ ಮಂಚದ ಮೇಲೆ ಮಲಗಿರುವ ಅಕ್ಕ ಆ ಕ್ಷಣದಿಂದ ಗೈರುಹಾಜರಿ. ಬಾಣಂತಿ ಫೋನನ್ನು ಬಿಸಿ ಕೆಂಡದ ಹಾಗೆ ಮೊಳೆಗೆ ಸಿಕ್ಕಿಸಿ ಹಿಂದೆ ಸರಿದಳು.

ಕೊಳವೆಯಿಂದ ದೊಪ್ ದೊಪ್ ಎಂದು ಗಂಟುಗಳು ಬೀಳುತ್ತಿದ್ದವು. ನಾವು ನಿಂತೇ ಇದ್ದೆವು. ಆಗ ಅತ್ತೆ ಒಂದು ಗಂಟಿನ ಮೇಲೆ ಕೂತಳು. ಪಕ್ಕದ ಗಂಟನ್ನು ತಟ್ಟಿ, ಎಷ್ಟೋ ತಿಂಗಳ ಮೇಲೆ ಮೊದಲ ಸಲ, ಸೊಸೆಯ ಮುಖ ನೋಡಿ ಹೇಳಿದಳು:

"ನಿಂತಿದೀಯಲ್ಲೇ, ಕೂತ್ಕೋ. ರಜೆ."

ಸೊಸೆ ಕೂತಳು. ನಾವೂ ಕೂತೆವು. ಯಂತ್ರಗಳ ಸದ್ದಿಲ್ಲದ ಆ ಕೋಣೆಯನ್ನು ನಾವು ಯಾವತ್ತೂ ಕೇಳಿರಲಿಲ್ಲ. ಗುಡುಗು ಅಭ್ಯಾಸಬಲದಿಂದ "ಎಷ್ಟು ತಣ್ಣಗಿದೆ ಅಲ್ವಾ!" ಎಂದು ಕೂಗಿ, ತನ್ನ ದನಿಗೆ ತಾನೇ ಬೆಚ್ಚಿದಳು.

ಮೊದಲು ಓಡಿ ಬಂದವರು ಸರಿಸರಿ ಸಾರ್. "ಮೇಲೆ ಟವೆಲ್ಲಿಲ್ಲ! ಒಬ್ಬ ಗಿರಾಕಿ ಸೋಪು ಹಚ್ಕೊಂಡು ನಿಂತಿದಾನೆ! ಏಳ್ರಮ್ಮ!"

"ನಿಯಮಕ್ಕೆ ವಿರುದ್ಧ ಸಾರ್," ಅಂದೆ.

"ರಜೆ ಇರೋದು ಒಬ್ಬಳಿಗೆ!"

"ನಾವೆಲ್ಲ ಒಬ್ಬಳೇ ಅಂತ ನೀವೇ ಮಾಡಿದ್ದಲ್ವಾ?"

"ನನ್ನ ಅಕೌಂಟಲ್ಲಿ ಬಂದ ಆರ್ಡರ್ ನೋಡ್ಕೊಂಡು ಮಾಡ್ರಮ್ಮ, ಕೈ ಮುಗೀತೀನಿ."

"ಒಬ್ರ ಅಕೌಂಟಲ್ಲಿ ಇನ್ನೊಬ್ರು ಮಾಡಿದ್ರೆ ತಪ್ಪಂತೆ. ಮೇಡಂ ಹೇಳಿದಾರೆ," ಅಂದಳು ಸೊಸೆ.

"ಸರಿ ಸರಿ," ಎಂದು ಬಾಯಿ ತಪ್ಪಿ ಅಂದು, ನಾಲಿಗೆ ಕಚ್ಚಿಕೊಂಡು ಮೇಲಕ್ಕೆ ಓಡಿದರು.

ಆಮೇಲೆ ದೊಡ್ಡ ಮ್ಯಾನೇಜರೇ ಬಂದರು. ಹಿಂದೆ ಮೇಡಂ, ಅವರ ಹಿಂದೆ ಸರಿಸರಿ ಸಾರ್. ಮ್ಯಾನೇಜರ ಕುತ್ತಿಗೆಗೂ ಒಂದು ಹನಿ ಬಿತ್ತು. ಮೇಲೆ ನೋಡಿದರು. ಇನ್ನೊಂದು ಹನಿ ಕನ್ನಡಕಕ್ಕೆ ಬಿತ್ತು.

"ಆ ರಜೆ ತೆಗೆದುಹಾಕಿ," ಅಂದರು ಮೇಡಂ ಕಡೆ ತಿರುಗಿ.

"ನನ್ನಿಂದ ಆಗಲ್ಲ ಸರ್. ಆಪರೇಷನ್ ರಜೇನ ರಜೆ ತಗೊಂಡವ್ರೇ ಮುಗಿಸ್ಬೇಕು. ಕಂಪನಿ ತೆಗೀಬಾರ್ದು ಅಂತಾನೇ ಹಾಗೆ ಇಟ್ಟಿದಾರೆ."

ಮ್ಯಾನೇಜರು ಮೊಳೆಯಿಂದ ಫೋನು ಕಿತ್ತು ನಮ್ಮ ಮುಂದೆ ಹಿಡಿದರು. ದನಿ ಮೆತ್ತಗಾಯಿತು. "ನೋಡಿ ತಾಯಂದಿರೇ, ಯಾರಾದ್ರೂ ಒಬ್ರು ಒತ್ತಿ. ನಿಮ್ಮ ಐದು ಜನಕ್ಕೂ ನಾಳೆನೇ ಒಂದೊಂದು ಅಕೌಂಟು ಮಾಡಿಸ್ತೀನಿ. ನಿಮ್ಮ ನಿಮ್ಮ ರಜೆ ನಿಮಗೆ. ಸಾಕಲ್ವಾ?"

"ನಾವು ಆರು ಜನ ಸಾರ್," ಅಂದಳು ಬಾಣಂತಿ.

"ಆ ಹೆಂಗಸಿನ ಕೈಯೇ ಹೋಗಿದೆಯಂತಲ್ಲ. ಪ್ರೆಸ್ಸಿಗೆ ಬೇರೆಯವ್ರನ್ನ ಹಾಕ್ಕೊಂಡ್ರಾಯ್ತು."

ನಾವು ಮೇಡಂ ಮುಖ ನೋಡಿದೆವು. ಅವರು ನೆಲ ನೋಡಿದರು.

ಫೋನು ನನ್ನ ಮುಂದೆ ಬಂತು. ಸುಳ್ಳು ಹೇಳುವುದಿಲ್ಲ, ನನ್ನ ಮಗನಿಗೆ ಇನ್ನೊಂದು ಸಲ ಜ್ವರ ಬಂದರೆ ಎಂದು ಮನಸ್ಸು ಒಂದು ಗಳಿಗೆ ಅತ್ತಿತ್ತ ಹೊಯ್ದಾಡಿತು. ಮಡಿಸಿದ ಕೈ ಮಡಿಸಿಯೇ ಇಟ್ಟುಕೊಂಡೆ. ಬಾಣಂತಿಯ ಮುಂದೆ ಬಂತು, ಅವಳು ತಲೆಯಾಡಿಸಿದಳು. ಅತ್ತೆ ಸೊಸೆಯ ಮುಂದೆ ಬಂತು. "ಇವ್ಳು ಒತ್ತಿದ್ರೆ ಮನೆಗೆ ಸೇರಿಸಲ್ಲ," ಅಂದಳು ಅತ್ತೆ. "ಇವ್ರು ಒತ್ತಿದ್ರೆ ನಾನೇ ಮನೇಲಿರಲ್ಲ," ಅಂದಳು ಸೊಸೆ.

ಗುಡುಗು ಎದ್ದಳು. ಕಂಬಕ್ಕೆ ನೇತುಹಾಕಿದ್ದ ತನ್ನ ರಬ್ಬರು ಏಪ್ರನ್ನು ತೆಗೆದು, ಕೊಡವಿ, ಮ್ಯಾನೇಜರ ಮುಂದೆ ಹಿಡಿದಳು.

"ನೀವೇ ಒತ್ತಿ ಸಾರ್. 'ನಾನು ಕೆಲಸಕ್ಕೆ ಮರಳಿದ್ದೇನೆ' ಅಂತ ತಾನೆ ಇರೋದು? ಯಾರು ಒತ್ತುತಾರೋ ಅವ್ರೇ ಲಾಂಡ್ರಿ. ಒತ್ತಿ, ಇದನ್ನ ಕಟ್ಕೊಳ್ಳಿ. ತೊಳೆಯೋದು ನಾನು ಹೇಳ್ಕೊಡ್ತೀನಿ. ಪ್ರೆಸ್ಸಿನ ಹಿಡಿ ಮಾತ್ರ ಸ್ವಲ್ಪ ಬಿಗಿ. ಬೆರಳು ಸುಟ್ರೆ ವಾಸನೆ ಬರತ್ತೆ, ಗೊತ್ತಾಗತ್ತೆ."

ಮ್ಯಾನೇಜರ ಹೆಬ್ಬೆರಳು ಫೋನಿನ ಮೇಲೆ ಗಾಳಿಯಲ್ಲಿ ನಿಂತಿತ್ತು. ಏಪ್ರನ್ನಿನಿಂದ ಅವರ ಬೂಟಿನ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಮೇಡಂ ನಡುವೆ ಬಾಯಿ ಹಾಕಿದರು, ಸಣ್ಣ ದನಿಯಲ್ಲಿ: "ಒತ್ತಿದ್ರೆ ಯಾರು ಒತ್ತಿದ್ದು ಅಂತ ನಾನು ಬರ್ದಿಡ್ಬೇಕಾಗತ್ತೆ ಸರ್."

ಅವರು ಒತ್ತಲಿಲ್ಲ. ಫೋನನ್ನು ಸರಿಸರಿ ಸಾರ್ ಕೈಗೆ ತುರುಕಿ, "ಎಲ್ಲರನ್ನೂ ನೋಡ್ಕೋತೀನಿ" ಎಂದು ಹೋದರು. ಸರಿಸರಿ ಸಾರ್ ಫೋನು ನೋಡಿದರು, ನಮ್ಮನ್ನು ನೋಡಿದರು. ಅದನ್ನು ಮೊಳೆಗೆ ಸಿಕ್ಕಿಸಿ, ಅವರೂ ಒಂದು ಗಂಟಿನ ಮೇಲೆ ಕೂತರು. ನಾವು ಜಾಗ ಮಾಡಿಕೊಟ್ಟೆವು.

ಮಧ್ಯಾಹ್ನ ಐವರೂ ಆಸ್ಪತ್ರೆಗೆ ಹೋದೆವು. ಪ್ರೆಸ್ಸಕ್ಕ ಮಲಗಿದ್ದಳು, ಬಲಗೈಗೆ ಮೊಣಕೈವರೆಗೂ ಬಿಳಿ ಪಟ್ಟಿ. ಮಂಪರು ಇನ್ನೂ ಇಳಿದಿರಲಿಲ್ಲ. ಕಣ್ಣು ಬಿಟ್ಟು ನಮ್ಮನ್ನೆಲ್ಲ ಕಂಡು ಗಾಬರಿಯಾದಳು.

"ಇದೇನ್ರೇ, ಕೆಲಸದ ಹೊತ್ತಲ್ಲಿ! ಐದು ಜನಾನೂ ಬಂದ್ಬಿಟ್ಟಿದೀರಿ. ಯಾರು ರಜೆ ಕೊಟ್ರು?"

"ನಿನ್ನದೇ ಕಣಕ್ಕ," ಅಂದಳು ಗುಡುಗು. ಇಡೀ ವಾರ್ಡು ತಿರುಗಿ ನೋಡಿತು. "ನಿನ್ನ ರಜೆಯಲ್ಲೇ ನಾವೆಲ್ಲ ಇರೋದು. ನೀನು ಎದ್ರೆ ನಾವೂ ಏಳ್ತೀವಿ."

ಅಕ್ಕ ಪಟ್ಟಿ ಕಟ್ಟಿದ ಕೈಯನ್ನು ಜೋಪಾನವಾಗಿ ಎದೆಯ ಮೇಲೆ ಇಟ್ಟುಕೊಂಡು, ಕಾಲು ಮಡಚಿ, ಮಂಚದಲ್ಲಿ ನಮಗೆ ಜಾಗ ಬಿಟ್ಟಳು.

"ಹಾಗಾದ್ರೆ ನಿಂತಿರ್ಬೇಡಿ, ಕೂತ್ಕೊಳ್ಳಿ," ಅಂದಳು. "ನಂಗೇನೂ ಏಳೋ ಅವಸರ ಇಲ್ಲ."